ಇನ್ನೂ ಬಿಡ್ಲಿಲ್ವಾ ಮಾರಾಯ್ರೆ?

ಮದುವೆಯಾಗಿ ಎರಡು ವರ್ಷ ಕಳೆದ ಗಂಡ ಹೆಂಡಿರಿಗೆ ನೆಂಟರು ಕೇಳುವ ಪ್ರಶ್ನೆ ಒಂದುಂಟಲ್ಲ, "ವಿಶೇಷ ಎಂತದೂ ಇಲ್ವಾ?" ಅಂತ. ಹಿತ್ತಲಲ್ಲಿ ಮ್ಯಾಂಗೊಸ್ಟೀನ್ ಹಣ್ಣಿನ ಗಿಡ ನೆಟ್ಟವನ ಪಾಡೂ ಅದೇ. ಮನೆಗೆ ಬಂದವರು ಚಪ್ಪಲಿ ಕಳಚುವ ಮೊದಲೇ ಆ ಕಡೆ ಕಣ್ಣು ಹಾಯಿಸುತ್ತಾರೆ. "ಇನ್ನೂ ಬಿಡ್ಲಿಲ್ವಾ ಮಾರಾಯ್ರೆ?" ಅನ್ನುತ್ತಾರೆ. ಕಾಫಿ ಬರುವಷ್ಟರಲ್ಲಿ ಸಲಹೆಯೂ ಸಿಕ್ಕಿರುತ್ತದೆ. ಬುಡಕ್ಕೆ ಉಪ್ಪು ಹಾಕಿ. ಕಾಂಡಕ್ಕೆ ಕತ್ತಿಯಲ್ಲಿ ಎರಡು ಗೀರು ಎಳೆಯಿರಿ. ನಮ್ಮ ಭಾವನ ಷಡ್ಡಕನಲ್ಲಿ ನಾಲ್ಕೇ ವರ್ಷಕ್ಕೆ ಬಿಟ್ಟಿದೆ. ಈ ಷಡ್ಡಕನ ಮರವನ್ನು ಕಣ್ಣಾರೆ ಕಂಡವರು ಮಾತ್ರ ನನಗೆ ಇದುವರೆಗೂ ಸಿಕ್ಕಿಲ್ಲ.

ನಮ್ಮ ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಈಗ ಈ ಹುಚ್ಚು ಜಾಸ್ತಿ. ಮೊದಲು ಮನೆಯ ಸುತ್ತ ಹಲಸು, ಮಾವು, ಪೇರಳೆ, ಒಂದು ಬಿಂಬುಳಿ, ಒಂದು ದಾರೆಹುಳಿ ಇದ್ದರೆ ಆಯಿತು. ಈಗ ರಂಬುಟಾನ್, ಡುರಿಯನ್, ಅಬಿಯು, ಜಬೊಟಿಕಾಬ, ಲಾಂಗಾನ್ ಎಂಬ ಹೊರದೇಶದ ಹಣ್ಣಿನ ಗಿಡಗಳೆಲ್ಲ ಬಂದು ಕೂತಿವೆ. ಮಕ್ಕಳು ಬೆಂಗಳೂರಿನಲ್ಲಿ. ಮನೆಯಲ್ಲಿ ಉಳಿದವರು ಇಬ್ಬರೋ ಮೂವರೋ. ಅದರಲ್ಲೊಬ್ಬರಿಗೆ ಸಕ್ಕರೆ ಕಾಯಿಲೆ. ಇಷ್ಟೆಲ್ಲ ಹಣ್ಣು ಯಾರು ತಿನ್ನುವುದು ಎಂದು ಕೇಳಬೇಡಿ. ಗಿಡದ ಹುಚ್ಚು ಇರುವವರ ಹತ್ತಿರ ಕೇಳಬಾರದ ಪ್ರಶ್ನೆ ಅದೊಂದೇ.

ಅಪ್ಪನ ಲೆಕ್ಕ ಬೇರೆ. ಅಡಿಕೆ ನೆಡುವುದು ಒಂಬತ್ತು ಅಡಿಗೊಂದು. ಮ್ಯಾಂಗೊಸ್ಟೀನ್ ಪೂರ್ತಿ ಬೆಳೆದರೆ ಎಂಟು ಮೀಟರ್ ಉದ್ದಗಲ ಜಾಗ ಕೇಳುತ್ತದೆ. ಅಂದರೆ ಎಂಟೊಂಬತ್ತು ಅಡಿಕೆ ಮರದ ಜಾಗ. "ಒಂಬತ್ತು ಮರದ ಅಡಿಕೆ ಬಿಟ್ಟು ನೀನು ತಿನ್ನುವ ಹಣ್ಣು ಎಷ್ಟು ದುಬಾರಿ ಗೊತ್ತುಂಟಾ?" ಎಂದು ಅವರು ಕೇಳಿದರೆ ಉತ್ತರ ಕೊಡುವುದು ಕಷ್ಟ. ಲೆಕ್ಕ ಸರಿಯಾಗಿಯೇ ಇದೆ. ಅದಕ್ಕೇ ಉತ್ತರ ಕೊಡದೆ ಎದ್ದು ಹೋಗುವುದು ಒಳ್ಳೆಯದು.

ಮ್ಯಾಂಗೊಸ್ಟೀನ್‌ಗೆ ಅವಸರ ಎಂಬುದೇ ಗೊತ್ತಿಲ್ಲ. ಬೀಜದಿಂದ ಎಬ್ಬಿಸಿದ ಗಿಡ ಮೊದಲ ವರ್ಷ ಗೇಣುದ್ದ ಬಂದರೆ ಪುಣ್ಯ. ಎದುರು ಬದುರಾಗಿ ಎರಡು ಎಲೆ ಬಿಡುತ್ತದೆ. ಎಳೆಯದರಲ್ಲಿ ಕೆಂಪು ಛಾಯೆ, ಆಮೇಲೆ ದಪ್ಪ ಹಸಿರು, ಎಣ್ಣೆ ಸವರಿದಂಥ ಹೊಳಪು. ಅಷ್ಟಾದ ಮೇಲೆ ತಿಂಗಳುಗಟ್ಟಲೆ ಏನೂ ಇಲ್ಲ. ಸತ್ತಿದೆಯೇನೋ ಎಂದು ಉಗುರಿನಲ್ಲಿ ಸಿಪ್ಪೆ ಕೆರೆದು ನೋಡಿದರೆ ಒಳಗೆ ಹಸಿರಾಗಿಯೇ ಇರುತ್ತದೆ, ಹಳದಿ ಅಂಟು ಜಿನುಗುತ್ತದೆ. ಬೇರು ಸೂಕ್ಷ್ಮ. ಅದರಲ್ಲಿ ನೀರು ಹೀರುವ ಸಣ್ಣ ರೋಮಗಳು ತೀರಾ ಕಡಿಮೆ. ಹಾಗಾಗಿ ಜಾಗ ಬದಲಿಸಿದರೆ ಆಗದು, ಬುಡ ಒಣಗಿದರೆ ಆಗದು, ನೀರು ನಿಂತರೂ ಆಗದು. ಮೊದಲ ಕೆಲವು ವರ್ಷ ಬಿಸಿಲೂ ಆಗದು. ಸುತ್ತ ನಾಲ್ಕು ಕೋಲು ನೆಟ್ಟು ಮಡಲಿನ ಚಪ್ಪರ ಹಾಕಬೇಕು. ಏಳೆಂಟು ವರ್ಷಕ್ಕೆ ಹೂ ಬಿಟ್ಟರೆ ಬೇಗ ಎಂದೇ ಲೆಕ್ಕ. ಹತ್ತು, ಹನ್ನೆರಡು ಸಾಮಾನ್ಯ.

ಕಸಿ ಗಿಡ ತಂದರೆ ಬೇಗ ಬಿಡುತ್ತದೆ ಎನ್ನುತ್ತಾರೆ. ನಿಜವೇ. ಆದರೆ ಕಸಿಗೆ ಅಡ್ಡ ಕೊಂಬೆಯ ತುದಿ ತೆಗೆದಿದ್ದರೆ ಆ ಗಿಡ ಜೀವಮಾನವಿಡೀ ತಾನು ಕೊಂಬೆ ಎಂದೇ ತಿಳಿದುಕೊಂಡಿರುತ್ತದೆ. ಮೇಲೆ ಹೋಗುವ ಮನಸ್ಸೇ ಇಲ್ಲ. ಅಕ್ಕಪಕ್ಕಕ್ಕೆ ಚಾಚಿ, ಪೊದೆಯ ಹಾಗೆ ಕೂತುಬಿಡುತ್ತದೆ. ಹಣ್ಣೂ ಅಷ್ಟಕ್ಕಷ್ಟೆ. ಬೀಜದ ಗಿಡವಾದರೆ ನೆಟ್ಟಗೆ ಗೋಪುರದಂತೆ ಏಳುತ್ತದೆ. ನನ್ನ ಮತ ಬೀಜದ ಗಿಡಕ್ಕೆ. ಕೇರಳದ ಚಾಲಕುಡಿ ಹೊಳೆಯ ಬದಿಯ ಪರಿಯಾರಂ ಊರಲ್ಲಿ ಅಜ್ಜಂದಿರ ಕಾಲದ ಮರಗಳಿವೆ. ಅವುಗಳ ಬುಡದಲ್ಲಿ ಒಮ್ಮೆ ನಿಂತು ಬಂದವರು ಕಸಿಯ ಮಾತು ಎತ್ತುವುದಿಲ್ಲ.

ಇದರಲ್ಲಿ ಇನ್ನೊಂದು ಸೋಜಿಗ ಉಂಟು. ಊರಲ್ಲಿ ಬೆಳೆಸುವ ಮ್ಯಾಂಗೊಸ್ಟೀನ್ ಮರಗಳೆಲ್ಲ ಹೆಣ್ಣು. ಬೀಜ ಕಟ್ಟಲು ಗಂಡು ಹೂವಿನ ಹಂಗಿಲ್ಲ. ಆ ಬೀಜದಿಂದ ಬರುವ ಗಿಡ ತಾಯಿಯ ಪಡಿಯಚ್ಚು. ಅದರ ದಾಯಾದಿ ನಮ್ಮ ಪುನರ್ಪುಳಿ, ಘಟ್ಟದ ಮೇಲಿನವರ ಮುರುಗಲು, ಹಾಗಲ್ಲ. ಅದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಜಾಯಿಕಾಯಿಯದ್ದೂ ಅದೇ ಕಥೆ. ವರ್ಷಗಟ್ಟಲೆ ನೀರು ಗೊಬ್ಬರ ಹಾಕಿ ಸಾಕಿ, ಕೊನೆಗೆ ಹೂ ಬಿಟ್ಟ ದಿನ ಅದು ಗಂಡು ಎಂದು ಗೊತ್ತಾಗಿ ಗರಗಸ ಹುಡುಕಿದವರು ನಮ್ಮ ಕಡೆ ಮನೆಗೊಬ್ಬರಿದ್ದಾರೆ. ಮ್ಯಾಂಗೊಸ್ಟೀನ್ ಕಾಯಿಸುತ್ತದೆ, ಆದರೆ ಹೀಗೆ ಕೈ ಕೊಡುವುದಿಲ್ಲ.

ಹೂವಿಗೆ ಮೊದಲು ಅದಕ್ಕೆ ಕೆಲವು ವಾರ ಒಣ ಹವೆ ಬೇಕು. ಸ್ಪ್ರಿಂಕ್ಲರ್ ಓಡುವ ತೋಟದಲ್ಲಿ ಬುಡ ಯಾವಾಗಲೂ ತೇವ. ಗಿಡ ಆರಾಮವಾಗಿ ಎಲೆ ಬಿಡುತ್ತಾ ಕೂತಿರುತ್ತದೆ. ಸ್ವಲ್ಪ ಬಾಯಾರಿಸಬೇಕು, ಬಾಡುವಷ್ಟಲ್ಲ. ಈ ಅಳತೆ ಎಲ್ಲೂ ಬರೆದಿಟ್ಟಿಲ್ಲ. ಎಲೆಯ ತುದಿ ನೋಡಿ, ಮಣ್ಣು ಮುಟ್ಟಿ, ಅಂದಾಜು ಮಾಡಬೇಕು. ಹೂವಾಗಿ ಹಣ್ಣಾಗಲು ಮೂರೂವರೆ, ನಾಲ್ಕು ತಿಂಗಳು. ಸರಿಯಾಗಿ ಆ ಹೊತ್ತಿಗೆ ನಮ್ಮಲ್ಲಿ ಜೂನ್ ಮಳೆ ಶುರು. ಹಣ್ಣಾಗುವಾಗ ಮಳೆ ಜೋರಾದರೆ ಕೆಲವು ಹಣ್ಣಿನ ಒಳಗೆ ಹಳದಿ ಅಂಟು ಇಳಿಯುತ್ತದೆ, ತೊಳೆ ಗಾಜಿನ ಹಾಗೆ ಪಾರದರ್ಶಕವಾಗಿ ಗಟ್ಟಿಯಾಗುತ್ತದೆ. ಹೊರಗಿನಿಂದ ನೋಡಿದರೆ ಒಂದಿಷ್ಟೂ ಗೊತ್ತಾಗದು. ಮರಕ್ಕೆ ಕೊಡೆ ಹಿಡಿಯುವುದೆಂತು?

ಆದರೂ ಆ ಹಣ್ಣು ಕೈಗೆ ಬಂದಾಗ ಒಂದು ಆಟ ಆಡಬಹುದು. ನೇರಳೆ ಬಣ್ಣದ ಉರುಟು ಹಣ್ಣು, ಮೇಲೆ ನಾಲ್ಕು ದಪ್ಪ ಪಕಳೆಯ ತೊಟ್ಟು. ಅದನ್ನು ತಲೆಕೆಳಗು ಮಾಡಿ. ಅಡಿಯಲ್ಲಿ ಕೆತ್ತಿಟ್ಟ ಹಾಗೆ ಚಿಕ್ಕದೊಂದು ಹೂವಿನ ಗುರುತು ಕಾಣುತ್ತದೆ. ಅದರ ಎಸಳು ಎಣಿಸಿ. ಆರು ಇದ್ದರೆ ಒಳಗೆ ಆರು ತೊಳೆ. ಏಳಿದ್ದರೆ ಏಳು. ಮಕ್ಕಳ ಮುಂದೆ "ಒಳಗೆ ಎಷ್ಟುಂಟು ಹೇಳ್ಲಾ?" ಎಂದು ಪಂಥ ಕಟ್ಟಿ ಗೆಲ್ಲಲು ಇದಕ್ಕಿಂತ ಒಳ್ಳೆಯ ಹಣ್ಣಿಲ್ಲ. ಆಮೇಲೆ ಎರಡೂ ಅಂಗೈ ನಡುವೆ ಇಟ್ಟು ಒತ್ತಿದರೆ ದಪ್ಪ ಸಿಪ್ಪೆ ಒಡೆದು ಬಾಯಿ ಬಿಡುತ್ತದೆ. ಒಳಗೆ ಬೆಳ್ಳಗಿನ ತೊಳೆಗಳು. ಸಿಪ್ಪೆಯ ರಸ ಬಟ್ಟೆಗೆ ತಾಗದಂತೆ ನೋಡಿಕೊಳ್ಳಿ. ಆ ಕಲೆ ಯಾವ ಸಾಬೂನಿಗೂ ಬಗ್ಗುವುದಿಲ್ಲ. ಬಿಳಿ ಪಂಚೆಯವರಿಗೆ ಮೊದಲೇ ಹೇಳಿಬಿಡುವುದು ಕ್ಷೇಮ.

ರಂಬುಟಾನ್ ಅಷ್ಟು ಸತಾಯಿಸುವುದಿಲ್ಲ. ಬೀಜದಿಂದ ಬಂದದ್ದು ಗಂಡಾಗಿಬಿಡಬಹುದು, ಹಾಗಾಗಿ ಕಸಿ ಗಿಡವೇ ಸರಿ. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕೆ ಸಂಶೋಧನಾ ಕೇಂದ್ರದವರು ಆಯ್ದು ಕೊಟ್ಟ ಎರಡು ತಳಿ ಉಂಟು. ಅರ್ಕಾ ಕೂರ್ಗ್ ಅರುಣ್ ಕೆಂಪು, ಅರ್ಕಾ ಕೂರ್ಗ್ ಪತಿಬ್ ಹಳದಿ. ಕಸಿ ಗಿಡ ಮೂರು ನಾಲ್ಕು ವರ್ಷಕ್ಕೆ ಗೊಂಚಲು ತೂಗುತ್ತದೆ. ತಾಪತ್ರಯ ಅಲ್ಲಿಂದ ಶುರು. ಬಾಳೆಗೊನೆಯ ಹಾಗೆ ಕಡಿದು ತಂದು ಅಟ್ಟದಲ್ಲಿಟ್ಟು ಹಣ್ಣು ಮಾಡುವಂತಿಲ್ಲ. ಕಿತ್ತ ಮೇಲೆ ಅದು ಹಣ್ಣಾಗುವುದೇ ಇಲ್ಲ. ಮರದಲ್ಲೇ ಕೆಂಪಾಗಬೇಕು. ಮರದಲ್ಲಿ ಕೆಂಪಾದದ್ದು ನಮಗಿಂತ ಮೊದಲು ಬಾವಲಿಗೆ ತಿಳಿಯುತ್ತದೆ.

ಬಾವಲಿ ಓಡಿಸಲು ಜನ ಮಾಡುವ ಉಪಾಯ ಒಂದೆರಡಲ್ಲ. ಹಳೆ ಸೀರೆ ಸುತ್ತುತ್ತಾರೆ. ಸಿ.ಡಿ. ಕಟ್ಟುತ್ತಾರೆ. ಲೈಟು ಹಾಕುತ್ತಾರೆ. ರಾತ್ರಿಯಿಡೀ ರೇಡಿಯೋ ಹಚ್ಚಿ ಮರಕ್ಕೆ ನೇತು ಹಾಕಿದ ಮನೆಯನ್ನೂ ನೋಡಿದ್ದೇನೆ. ಬಾವಲಿಗಳು ಚಿತ್ರಗೀತೆ ಕೇಳುತ್ತಾ ಊಟ ಮಾಡಿ ಹೋಗುತ್ತಿದ್ದವು. ಕೊನೆಗೆ ಎಲ್ಲರೂ ಬಂದು ನಿಲ್ಲುವುದು ಬಲೆಯ ಹತ್ತಿರ. ಇಡೀ ಮರಕ್ಕೆ ಬಲೆ ಹೊದಿಸಬೇಕು, ನುಸುಳಲು ಒಂದು ಸಂದಿಯೂ ಇರಬಾರದು. 2021ರಲ್ಲಿ ಕೋಝಿಕ್ಕೋಡಿನಲ್ಲಿ, ಬಾವಲಿಯಿಂದ ಹರಡುವ ನಿಫಾ ಕಾಯಿಲೆ ಬಂದಾಗ ರಂಬುಟಾನ್ ಮೇಲೂ ಅನುಮಾನ ಹೋಗಿತ್ತು. ಅಲ್ಲಿಂದ ಈಚೆಗೆ ಕಚ್ಚಿದ ಗುರುತಿರುವ ಹಣ್ಣನ್ನು ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ, ದನಕ್ಕೂ ಹಾಕುವುದಿಲ್ಲ. ಮೊದಲೆಲ್ಲ ಅರ್ಧ ತಿಂದ ಗೇರುಹಣ್ಣನ್ನು ತೊಳೆದು ಬಾಯಿಗೆ ಹಾಕಿಕೊಂಡವರೇ ನಾವು.

ಹಾಗಂತ ಬಾವಲಿಯನ್ನು ಪೂರ್ತಿ ಬಯ್ಯುವಂತಿಲ್ಲ. ಪಕ್ಕದಲ್ಲೇ ಡುರಿಯನ್ ಮರ ಇದ್ದರೆ ಅದರ ಹೂ ಅರಳುವುದು ರಾತ್ರಿ. ಆ ಹೊತ್ತಿನಲ್ಲಿ ಹೂವಿಂದ ಹೂವಿಗೆ ಪರಾಗ ದಾಟಿಸುವ ಕೆಲಸದಲ್ಲಿ ಬಾವಲಿಯ ಪಾಲು ದೊಡ್ಡದು. ಒಂದು ಮರದಲ್ಲಿ ಕಳ್ಳ, ಇನ್ನೊಂದರಲ್ಲಿ ಮದುವೆ ದಲ್ಲಾಳಿ. ಬಲೆ ಎಲ್ಲಿಗೆ ಕಟ್ಟುವುದು, ಎಲ್ಲಿ ಬಿಡುವುದು ಎಂಬ ನಿರ್ಧಾರ ನಿಮಗೆ ಬಿಟ್ಟದ್ದು.

ಡುರಿಯನ್ ವಿಷಯ ಜಾಸ್ತಿ ಹೇಳುವುದಿಲ್ಲ. ಸಿಂಗಾಪುರದಲ್ಲಿ ಅದನ್ನು ಮೆಟ್ರೋ ರೈಲಿಗೆ ಹತ್ತಿಸುವುದಿಲ್ಲ, ಅಷ್ಟು ವಾಸನೆ. ನಮ್ಮ ಹಲಸಿನ ಹಣ್ಣಿನ ವಾಸನೆಗೇ ಮೂಗು ಮುರಿಯುವ ನಗರದ ಸೊಸೆಯಂದಿರಿಗೆ ಇದನ್ನು ತೋರಿಸಬೇಕು ಅನ್ನುವ ಆಸೆ ಕೆಲವು ಅತ್ತೆಯಂದಿರಿಗೆ ಇರಬಹುದು. ಮೆಟ್ಟುಪಾಳ್ಯದಿಂದ ಕೂನೂರಿಗೆ ಹತ್ತುವ ದಾರಿಯಲ್ಲಿ ಬರ್ಲಿಯಾರ್ ಎಂಬಲ್ಲಿ ಸರಕಾರಿ ತೋಟ ಉಂಟು. ಬ್ರಿಟಿಷರ ಕಾಲದ್ದು. ಅಲ್ಲಿಯ ಡುರಿಯನ್ ತಿಂದರೆ ಮಕ್ಕಳಾಗುತ್ತವೆ ಎಂಬ ನಂಬಿಕೆಯಿಂದ ಜನ ದೂರದೂರದಿಂದ ಬಂದು ಕಾಯುತ್ತಾರೆ. ಮರಕ್ಕೇ ಕಾಯಿ ಬಿಡಲು ಅಷ್ಟು ವರ್ಷ ಬೇಕು. ಅದರ ಹತ್ತಿರ ಹೋಗಿ ಇವರು ಅವಸರ ಮಾಡುವುದು!

ಜಬೊಟಿಕಾಬ ಬ್ರೆಜಿಲಿನದು. ಕಾಂಡಕ್ಕೇ ಕಪ್ಪು ಗೋಲಿಗಳ ಹಾಗೆ ಹಣ್ಣು ಅಂಟಿಕೊಳ್ಳುತ್ತದೆ. ಬೇರೆ ದೇಶದವರು ಫೋಟೋ ನೋಡಿ ಬಾಯಿ ಬಿಡಬಹುದು. ಹಲಸು, ಅತ್ತಿ, ಬಿಂಬುಳಿ ಕಂಡ ನಮಗೆ ಅದರಲ್ಲೇನೂ ವಿಶೇಷ ಕಾಣಿಸದು. ಒಂದು ಗಿಡಕ್ಕೆ ಸಾವಿರ ರೂಪಾಯಿಗೂ ಮೇಲೆ ಕೊಟ್ಟವರಿಗೆ ಮಾತ್ರ ಕಾಣಿಸುತ್ತದೆ.

ನಿಜವಾಗಿ ನೆಂಟರ ಎದುರು ಮರ್ಯಾದೆ ಉಳಿಸುವ ಗಿಡ ಮಿರಾಕಲ್ ಫ್ರೂಟ್. ಪಶ್ಚಿಮ ಆಫ್ರಿಕಾದ ಪೊದೆ. ಹುಳಿ ಮಣ್ಣು ಅದಕ್ಕೆ ಪ್ರೀತಿ, ನಮ್ಮ ಮುರಕಲ್ಲು ಮಣ್ಣಿಗೆ ಹೊಂದಿಕೊಳ್ಳುತ್ತದೆ. ಕುಂಡದಲ್ಲಿಯೂ ಬಿಡುತ್ತದೆ. ಹಣ್ಣು ಕಾಫಿ ಹಣ್ಣಿನಷ್ಟೇ, ಕೆಂಪು. ತಿಂದರೆ ಅಂಥಾ ರುಚಿಯೇನಿಲ್ಲ. ತಿರುಳನ್ನು ನಾಲಗೆಯ ಮೇಲೆಲ್ಲ ಆಡಿಸಿ ಬೀಜ ಉಗಿಯಬೇಕು. ಆಮೇಲೆ ಒಂದು ಬಿಂಬುಳಿ ಕಚ್ಚಬೇಕು. ಬಿಂಬುಳಿಯ ಹುಳಿ ಗೊತ್ತಲ್ಲ, ನೆನೆದರೇ ದವಡೆ ಜುಂ ಅನ್ನುತ್ತದೆ. ಕಚ್ಚುವವರು ಮೊದಲೇ ಕಣ್ಣು ಮುಚ್ಚಿ, ಮುಖ ಕಿವುಚಿ, ತಯಾರಾಗಿರುತ್ತಾರೆ. ಆಮೇಲೆ ಒಂದು ಕಣ್ಣು ಮೆಲ್ಲನೆ ತೆರೆಯುತ್ತದೆ. "ಅಯ್ಯೋ, ಸಿಹಿ ಉಂಟಲ್ಲ!" ಮಿರಾಕ್ಯುಲಿನ್ ಎಂಬ ಪ್ರೋಟೀನ್ ಮಾಡುವ ಕರಾಮತ್ತು ಅದು. ನಾಲಗೆಯ ಸಿಹಿ ಗ್ರಹಿಸುವ ಜಾಗಕ್ಕೆ ಅಂಟಿ ಕೂರುತ್ತದೆ, ಹುಳಿ ತಾಗಿದ ಕೂಡಲೇ ಸಿಹಿ ಎಂದು ಸುಳ್ಳು ಸುದ್ದಿ ಕಳಿಸುತ್ತದೆ. ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಈ ಮೋಸ ನಡೆಯುತ್ತದೆ. ಅಷ್ಟರೊಳಗೆ ನೆಂಟರು ನಿಂಬೆ, ನೆಲ್ಲಿ, ಮಾವಿನ ಮಿಡಿ ಎಲ್ಲ ತಿಂದು ಮುಗಿಸುತ್ತಾರೆ. ರಾತ್ರಿ ಹೊಟ್ಟೆ ಉರಿದರೆ ಅದು ಅವರವರ ಜವಾಬ್ದಾರಿ. ಹುಳಿ ಹೊಟ್ಟೆಯಲ್ಲಿ ಹುಳಿಯೇ.

ಗಿಡ ಸಾಕುವವನಿಗೆ ಬೇಕಾದ್ದು ಇಷ್ಟೇ, ಆ ತೆರೆಯುವ ಒಂದು ಕಣ್ಣು. ಹಣ್ಣನ್ನು ಅವನು ತಿನ್ನುವುದು ಕಡಿಮೆ. ಒಂದು ತೊಳೆ ತಿಂದು, ಉಳಿದದ್ದನ್ನು ಫ್ರಿಜ್ಜಿನಲ್ಲಿ ಬಚ್ಚಿಟ್ಟು, ಯಾರಾದರೂ ಬರಲಿ ಎಂದು ಗೇಟಿನ ಸದ್ದಿಗೆ ಕಿವಿ ಕೊಟ್ಟಿರುತ್ತಾನೆ. ಎಲ್‌ಐಸಿ ಏಜೆಂಟರಾದರೂ ಸರಿ, ಗ್ಯಾಸ್ ಸಿಲಿಂಡರ್ ತಂದವನಾದರೂ ಸರಿ, ಕೂರಿಸಿ ತಿನ್ನಿಸಿಯೇ ಕಳಿಸುತ್ತಾನೆ. ತಿನ್ನುವವರ ಬಾಯಿ ನೋಡುವುದಿಲ್ಲ, ಹುಬ್ಬು ನೋಡುತ್ತಾನೆ. ಹುಬ್ಬು ಮೇಲೆ ಹೋದರೆ ಆ ವರ್ಷದ ಗೊಬ್ಬರದ ಖರ್ಚು ಬಂದ ಹಾಗೆ.

ಯಾವಾಗಲೂ ಹೋಗುವುದಿಲ್ಲ ಎನ್ನಿ. ರಂಬುಟಾನ್ ತಿಂದವರು "ಲಿಚಿಯ ಹಾಗೇ ಉಂಟು" ಎನ್ನುತ್ತಾರೆ. ಅಬಿಯು ತಿಂದವರು "ಬೊಂಡದ ಗಂಜಿಗೆ ಸಕ್ಕರೆ ಹಾಕಿದ ಹಾಗೆ" ಎನ್ನುತ್ತಾರೆ. ಮ್ಯಾಂಗೊಸ್ಟೀನ್ ಮೊದಲ ಸಲ ಬಿಟ್ಟ ವರ್ಷ ಇದ್ದದ್ದೇ ಬೆರಳೆಣಿಕೆ ಹಣ್ಣು. ಅದರಲ್ಲಿ ಒಂದನ್ನು ದೊಡ್ಡಮ್ಮನಿಗೆ ತಟ್ಟೆಯಲ್ಲಿಟ್ಟು ಕೊಟ್ಟೆವು. ಅವರು ಒಂದು ತೊಳೆ ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ನಿಧಾನವಾಗಿ ಚೀಪಿದರು. ನಾವೆಲ್ಲ ಸುತ್ತ ನಿಂತಿದ್ದೆವು. "ಪುನರ್ಪುಳಿಗೆ ಸಕ್ಕರೆ ಹಾಕಿದ ಹಾಗೆ ಉಂಟು ಮಗಾ. ಇದಕ್ಕೆ ಇಷ್ಟು ವರ್ಷ ಕಾದದ್ದಾ?" ಎಂದರು. ಎರಡೂ ಗಾರ್ಸೀನಿಯಾ ಎಂಬ ಒಂದೇ ಕುಲ ಎಂದು ತಿಳಿಯಲು ಸಸ್ಯಶಾಸ್ತ್ರದವರು ಹೂ ಬಿಚ್ಚಿ, ಎಲೆ ಒಣಗಿಸಿ, ಪುಸ್ತಕ ಬರೆಯಬೇಕಾಯಿತು. ದೊಡ್ಡಮ್ಮನಿಗೆ ಒಂದು ತೊಳೆ ಸಾಕಾಯಿತು.

ಇಂಥ ಮಾತಿಗೆ ಬೇಜಾರು ಮಾಡಿಕೊಂಡರೆ ಗಿಡ ಸಾಕಲಾಗುವುದಿಲ್ಲ. ಬ್ರೆಜಿಲಿನಿಂದ ಪೋರ್ಚುಗೀಸರು ಗೇರು ತಂದಾಗಲೂ ಯಾರೋ ಒಬ್ಬರು ಚೀಪಿ, ಗಂಟಲು ಕೆರೆದು, "ಇದೆಂಥದು ಮಾರಾಯ" ಎಂದಿರಬೇಕು. ಅನಾನಸು ಬಂದದ್ದು ಅದೇ ಕಡೆಯಿಂದ. ಚಿಕ್ಕು ಮೆಕ್ಸಿಕೋ ಕಡೆಯದು. ಈಗ ಚಿಕ್ಕು ಮರ ತೋರಿಸಿ ಜಂಬ ಕೊಚ್ಚಿದರೆ ಜನ ನಗುತ್ತಾರೆ. ಇನ್ನೊಂದು ಇಪ್ಪತ್ತು ವರ್ಷದಲ್ಲಿ ರಂಬುಟಾನ್ ಕೂಡ ಸಂತೆಯಲ್ಲಿ ರಾಶಿ ಬಿದ್ದಿರುತ್ತದೆ. ಆಗ ಇದೇ ಜನ ಇನ್ನೇನೋ ಹೆಸರು ಹೇಳಲು ಬಾರದ ಗಿಡ ಹುಡುಕುತ್ತಾ ಕೇರಳದ ನರ್ಸರಿಗಳಿಗೆ ಹೊರಟಿರುತ್ತಾರೆ.

ತಿಂದವರಲ್ಲಿ ಯಾರೋ ಒಬ್ಬರಿಗೆ ಈ ಹುಚ್ಚು ಅಂಟುತ್ತದೆ. ಕಳೆದ ಮಳೆಗಾಲದಲ್ಲಿ ಬಂದ ನೆಂಟರೊಬ್ಬರು ಮ್ಯಾಂಗೊಸ್ಟೀನ್ ಬೀಜ ಉಗಿಯದೆ ಅಂಗೈಯಲ್ಲಿ ಹಿಡಿದು, "ಇದು ಹುಟ್ಟುತ್ತದಾ?" ಎಂದು ಕೇಳಿದರು. ನನಗೆ ಇನ್ನೇನು ಬೇಕು? ಎಲ್ಲ ತೊಳೆಯಲ್ಲೂ ಬೀಜ ಇರುವುದಿಲ್ಲ, ದಪ್ಪ ತೊಳೆಯಲ್ಲಿ ಮಾತ್ರ ಎಂದೆ. ತಿರುಳು ತೊಳೆದು ತೆಗೆಯಿರಿ, ಬಿಸಿಲಿಗೆ ಮಾತ್ರ ಇಡಬೇಡಿ, ಒಣಗಿದರೆ ಸತ್ತಿತು. ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ನಾಳೆಯೇ ನೆಡಿ. ಉದ್ದದ ಪ್ಲಾಸ್ಟಿಕ್ ತೊಟ್ಟೆ ಆಗಬೇಕು, ತಾಯಿ ಬೇರು ನೆಟ್ಟಗೆ ಇಳಿಯುತ್ತದೆ. ನೆರಳು. ಸುಡುಮಣ್ಣು. ಅವರು ತಲೆಯಾಡಿಸುತ್ತಾ ಕೇಳಿದರು, ಹೆಂಡತಿಯ ಮುಖ ನೋಡಿದರು, ಬೀಜವನ್ನು ಕರವಸ್ತ್ರದಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡರು. ಗೇಟಿನ ತನಕ ಹೋದವರು ತಿರುಗಿ ನಿಂತು, "ಅಲ್ಲ, ನಿಮ್ಮಲ್ಲಿ ಒಂದು ಕೇಜಿ ಒಣಗಿದ ಪುನರ್ಪುಳಿ ಸಿಪ್ಪೆ ಸಿಗಬಹುದಾ? ಸಾರಿಗೆ" ಎಂದರು.