ಊಟವೆಂಬ ಅಡಚಣೆ

ಮಹಾನಗರದಲ್ಲಿ ಶನಿವಾರ ಮತ್ತು ಭಾನುವಾರಗಳನ್ನು ಉಲ್ಲಾಸದಿಂದ ಕಳೆಯುವ ವಿದ್ಯೆಯಲ್ಲಿ ನನ್ನ ಸೋದರಳಿಯ ಪಾರಂಗತ. ಶುಕ್ರವಾರ ರಾತ್ರಿಯೇ ಅವನು ನನ್ನ ಮೊಬೈಲಿಗೆ ಒಂದು ಕೋಷ್ಟಕವನ್ನು ಕಳುಹಿಸಿದ್ದ. ಎರಡು ದಿನಗಳನ್ನು ಮುಕ್ಕಾಲು ಗಂಟೆಯ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ಒಂದೊಂದು ಆನಂದವನ್ನು ನಿಗದಿಪಡಿಸಿ, ಒಂದು ಆನಂದ ಕೈತಪ್ಪಿದರೆ ಅದರ ಬದಲಿಗೆ ಯಾವುದನ್ನು ಅನುಭವಿಸತಕ್ಕದ್ದು ಎಂಬುದನ್ನೂ ಪಕ್ಕದ ಕಾಲಮಿನಲ್ಲಿ ನಮೂದಿಸಿದ್ದ. ಕಚೇರಿಯಲ್ಲಿ ಐದು ದಿನ ಇಂಥದ್ದೇ ಕೋಷ್ಟಕಗಳನ್ನು ತುಂಬಿ ಬೇಸತ್ತವನು ಬಿಡುವಿಗೂ ಕೋಷ್ಟಕ ಹಾಕುವುದೇ ಎಂದು ಕೇಳಿದೆ. "ಪ್ಲಾನ್ ಇಲ್ಲದೆ ಹೊರಟರೆ ಎಲ್ಲಿಯೂ ಜಾಗ ಸಿಗುವುದಿಲ್ಲ ಮಾವ" ಎಂದ. ಪ್ಲಾನ್ ಇದ್ದರೂ ಸಿಗುವುದಿಲ್ಲ ಎಂಬುದು ಮರುದಿನ ತಿಳಿಯಿತು.

ಆ ಎರಡು ದಿನಗಳ ಅನುಭವದ ಬಲದಿಂದ ನಾನೊಂದು ಸಲಹೆಯನ್ನು ಸಾರ್ವಜನಿಕರ ಮುಂದಿಡುತ್ತಿದ್ದೇನೆ. ಮಹಾನಗರದ ವಾರಾಂತ್ಯದ ಭೋಜನವಿಹಾರವು ಕಾಯುವಿಕೆ, ಬೆಳಕು, ಸದ್ದು, ಚಿತ್ರೀಕರಣ ಮತ್ತು ಅಂಕ ನೀಡಿಕೆ ಎಂಬ ಎಲ್ಲ ಅಂಗಗಳಲ್ಲಿಯೂ ಪರಿಪೂರ್ಣತೆಯನ್ನು ಸಾಧಿಸಿಕೊಂಡಿದೆ. ಅದರ ಓಟಕ್ಕೆ ತೊಡಕಾಗಿ ಉಳಿದಿರುವುದು ಒಂದೇ, ಊಟ. ಅದನ್ನೂ ಕೈಬಿಟ್ಟುಬಿಟ್ಟರೆ ಯಾರಿಗೂ ನಷ್ಟವಿಲ್ಲವೆಂದು ನಾನು ವಿನಯದಿಂದ ವಾದಿಸಬಯಸುತ್ತೇನೆ.

ಈ ವಾರಾಂತ್ಯವನ್ನು ನಮಗೆ ಕೊಟ್ಟವರು ಅಡುಗೆಯವರಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಅಮೆರಿಕದ ಹೆನ್ರಿ ಫೋರ್ಡ್ 1926ರಲ್ಲಿ ತನ್ನ ಕಾರು ಕಾರ್ಖಾನೆಗಳಲ್ಲಿ ವಾರಕ್ಕೆ ಐದು ದಿನ, 40 ಗಂಟೆಗಳ ದುಡಿಮೆಯನ್ನು ಜಾರಿಗೆ ತಂದಾಗ, ಬಿಡುವಿದ್ದವನೇ ಹೆಚ್ಚು ಕೊಳ್ಳುತ್ತಾನೆ ಎಂಬ ತನ್ನ ಲೆಕ್ಕವನ್ನು ಮುಚ್ಚಿಡಲಿಲ್ಲ. ಆ ಬಿಡುವಿನಲ್ಲಿ ಎಲ್ಲಿ ಉಣ್ಣಬೇಕು ಎಂಬುದನ್ನು ನಿರ್ಧರಿಸುವ ಹೊಣೆಯನ್ನು ಅಷ್ಟರಲ್ಲಾಗಲೇ ಟೈರಿನವರು ಹೊತ್ತುಕೊಂಡಿದ್ದರು. ಇಡೀ ಫ್ರಾನ್ಸಿನಲ್ಲಿ 3,000 ಕಾರುಗಳೂ ಇಲ್ಲದಿದ್ದ 1900ರಲ್ಲಿ ಟೈರು ತಯಾರಕರಾದ ಮಿಶೆಲಿನ್ ಸಹೋದರರು ತಮ್ಮ ಪ್ರವಾಸ ಕೈಪಿಡಿಯ ಸುಮಾರು 35,000 ಪ್ರತಿಗಳನ್ನು ಅಚ್ಚು ಹಾಕಿಸಿ ಪುಕ್ಕಟೆಯಾಗಿ ಹಂಚಿದ್ದು, ಜನರು ಊರೂರು ಸುತ್ತಲಿ, ಸುತ್ತಿದಷ್ಟೂ ಟೈರು ಸವೆಯಲಿ ಎಂಬ ಸದುದ್ದೇಶದಿಂದ. ಆ ಕೈಪಿಡಿ ಹೋಟೆಲುಗಳಿಗೆ ನಕ್ಷತ್ರ ಕೊಡತೊಡಗಿದ್ದೂ 1926ರಲ್ಲೇ. ಹೀಗೆ ಐದು ದಿನದ ವಾರವೂ ನಕ್ಷತ್ರವೂ ಒಂದೇ ವರ್ಷ ಹುಟ್ಟಿದ ಅವಳಿಗಳು. ಮುಂದೆ ಅವರು ನಕ್ಷತ್ರಗಳಿಗೆ ಬರೆದ ವಿವರಣೆಯ ಪ್ರಕಾರ ಎರಡು ನಕ್ಷತ್ರವೆಂದರೆ ದಾರಿ ಬಳಸಿ ಹೋಗಲು ಯೋಗ್ಯ, ಮೂರು ನಕ್ಷತ್ರವೆಂದರೆ ಅದಕ್ಕಾಗಿಯೇ ಪ್ರಯಾಣ ಹೊರಡಲು ಯೋಗ್ಯ. ರುಚಿಯನ್ನು ನಾಲಿಗೆಯಿಂದಲ್ಲದೆ ಚಕ್ರದಿಂದ ಅಳೆದದ್ದು ಇದೇ ಮೊದಲಿರಬೇಕು. ಇನ್ನು ನಾವು ಮೇಜಿನ ಮೇಲೆ ಮೊಬೈಲು ಹಿಡಿದು ಸ್ಕ್ಯಾನ್ ಮಾಡುವ ಕ್ಯುಆರ್ ಕೋಡನ್ನು 1994ರಲ್ಲಿ ಜಪಾನಿನ ಡೆನ್ಸೊ ಬಳಗದವರು ರೂಪಿಸಿದ್ದು ಕಾರಿನ ಬಿಡಿಭಾಗಗಳ ಲೆಕ್ಕವಿಡಲಿಕ್ಕೆ. ಬಿಡುವು ಕೊಟ್ಟದ್ದು ಕಾರು, ದಾರಿ ತೋರಿಸಿದ್ದು ಟೈರು, ಏನು ಬೇಕೆಂದು ವಿಚಾರಿಸುವುದು ಬಿಡಿಭಾಗದ ಚೀಟಿ. ಇಷ್ಟೆಲ್ಲ ಉಪಕಾರ ಮಾಡಿದ ಮೋಟಾರು ಉದ್ಯಮವು ನಮಗೆ ಕೊಡಲು ಮರೆತದ್ದು ಒಂದನ್ನೇ, ಆ ಕಾರನ್ನು ನಿಲ್ಲಿಸುವ ಜಾಗವನ್ನು.

ಶನಿವಾರ ಸಂಜೆ ನಾವು ಹೋಟೆಲಿನ ಸುತ್ತ ಒಂಬತ್ತು ಪ್ರದಕ್ಷಿಣೆ ಹಾಕಿದೆವು. ಮೂಲದೇವರಿಗೂ ಅಷ್ಟು ಹಾಕಿದವನಲ್ಲ ನಾನು. ಕೊನೆಗೆ ಕಾರಿಗೆ ಜಾಗ ಸಿಕ್ಕಿತು. ಆದರೆ ಆ ಜಾಗದಿಂದ ಹೋಟೆಲಿಗೆ ಬರಲು ಇನ್ನೊಂದು ಬಾಡಿಗೆ ಕಾರನ್ನು ಹಿಡಿಯಬೇಕಾಯಿತು.

ಈಗ ಸರದಿ ಸಾಲಿನ ವಿಷಯ. ಕನ್ನಡದಲ್ಲಿ ಪಂಕ್ತಿ ಎಂದರೆ ಉಣ್ಣುವವರ ಸಾಲು. ಹಿಂದೆ ಅದು ಕುಳಿತಿರುತ್ತಿತ್ತು, ಈಗ ನಿಂತಿರುತ್ತದೆ ಎಂಬುದಷ್ಟೇ ವ್ಯತ್ಯಾಸ. ಬಾಗಿಲಲ್ಲಿ ಟ್ಯಾಬ್ಲೆಟ್ ಹಿಡಿದು ನಿಂತಿದ್ದ ತರುಣ ನಮ್ಮ ಹೆಸರನ್ನೂ ಮೊಬೈಲ್ ಸಂಖ್ಯೆಯನ್ನೂ ಬರೆದುಕೊಂಡು, "ಹತ್ತು ನಿಮಿಷ ಸರ್" ಎಂದು ನಗುನಗುತ್ತಾ ಹೇಳಿದ. ಸರದಿಯ ಗಣಿತವು 1909ರಿಂದಲೇ, ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬಾತ ಕರೆಗಳ ದಟ್ಟಣೆಯನ್ನು ಲೆಕ್ಕ ಹಾಕಿದಂದಿನಿಂದಲೇ, ಶಾಸ್ತ್ರವಾಗಿ ಬೆಳೆದುಬಂದಿದೆ. 1961ರಲ್ಲಿ ಜಾನ್ ಲಿಟಲ್ ಎಂಬ ವಿದ್ವಾಂಸ ಸಾಧಿಸಿ ತೋರಿಸಿದ ಸೂತ್ರವಂತೂ ಯಾರಿಗೂ ಅರ್ಥವಾಗುವಷ್ಟು ಸರಳ. ಒಳಗೆ 20 ಮೇಜುಗಳಿದ್ದು, ಒಂದೊಂದು ಮೇಜಿನವರೂ ಒಂದು ಗಂಟೆ ಕುಳಿತರೆ, ಸರಾಸರಿ ಮೂರು ನಿಮಿಷಕ್ಕೊಂದು ಮೇಜು ತೆರವಾಗುತ್ತದೆ; ನಿಮ್ಮ ಮುಂದೆ 40 ಗುಂಪುಗಳಿದ್ದರೆ ನೀವು ಕಾಯಬೇಕಾದದ್ದು ಎರಡು ಗಂಟೆ. ಇದನ್ನು ನಾನು ಆ ತರುಣನಿಗೆ ವಿವರಿಸಿದಾಗ ಅವನು ಗೌರವದಿಂದ ಆಲಿಸಿ, "ಹೌದು ಸರ್, ಹತ್ತು ನಿಮಿಷ" ಎಂದ. ಹತ್ತು ನಿಮಿಷ ಎಂಬುದು ಕಾಲದ ಅಳತೆಯಲ್ಲ, ಒಂದು ಬಗೆಯ ನಮಸ್ಕಾರ ಎಂದು ಆಗ ನನಗೆ ಹೊಳೆಯಿತು.

ಪಕ್ಕದಲ್ಲೇ ಇನ್ನೊಂದು ಹೋಟೆಲು ಖಾಲಿಯಾಗಿತ್ತು. ಅದರ ಮಾಲೀಕ ಬಾಗಿಲಲ್ಲಿ ನಿಂತು ನಮ್ಮ ಸಾಲನ್ನು, ನೆರೆಮನೆಯ ಮದುವೆಯನ್ನು ನೋಡುವವನಂತೆ ನೋಡುತ್ತಿದ್ದ. ಅಲ್ಲಿಗೇ ಹೋಗೋಣ ಎಂದೆ.

"ಅಲ್ಲಿ ಯಾರೂ ಇಲ್ಲವಲ್ಲ ಮಾವ."

"ಯಾರೂ ಇಲ್ಲದ್ದರಿಂದಲೇ ಅಲ್ಲವೇ ನಮಗೆ ಜಾಗವಿರುವುದು?"

"ಯಾರೂ ಹೋಗದ ಕಡೆ ಏನು ಚೆನ್ನಾಗಿರಲು ಸಾಧ್ಯ?"

ಈ ತರ್ಕಕ್ಕೆ ಉತ್ತರವಿಲ್ಲ. ಸಾಲು ಉದ್ದವಿದ್ದಷ್ಟೂ ಊಟ ರುಚಿಯೆಂದಾದರೆ, ಸಾಲಿನಲ್ಲಿ ನಿಂತ ನಾವೇ ಆ ರುಚಿಯನ್ನು ಹೆಚ್ಚಿಸುತ್ತಿರುವ ಮಸಾಲೆ. ಒಳಗೆ ಒಲೆ ಹತ್ತಿದೆಯೋ ಇಲ್ಲವೋ ಎಂಬುದು ಗೌಣ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬರು ನಮ್ಮ ಹಿಂದೆ ಬಂದು ನಿಂತು, ಕಾಲು ಗಂಟೆ ಕಳೆದ ಮೇಲೆ ಇದು ಯಾವುದರ ಸಾಲು ಎಂದು ವಿಚಾರಿಸಿದರು. ತಿಳಿದ ಮೇಲೂ ಕದಲಲಿಲ್ಲ. ನಾವು ಸೇರಿದಾಗ ಅಂಬೆಗಾಲಿಡುತ್ತಿದ್ದ ಮಗುವೊಂದು, ನಾವು ಸೋತು ಹೊರಡುವ ಹೊತ್ತಿಗೆ ಗೋಡೆ ಹಿಡಿದು ನಡೆಯುತ್ತಿತ್ತೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಹೆಸರನ್ನು ಅಲ್ಲಿಯೇ ಬಿಟ್ಟು, ಕೋಷ್ಟಕದ ಬದಲಿ ಕಾಲಮಿನಲ್ಲಿದ್ದ ಎರಡನೆಯ ಹೋಟೆಲಿಗೆ ಹೋದೆವು. ಅಲ್ಲಿ ಮುಕ್ಕಾಲು ಗಂಟೆಯಲ್ಲೇ ಒಳಗೆ ಬಿಟ್ಟರು. ಇಷ್ಟು ಬೇಗ ಸಿಕ್ಕಿತಲ್ಲ ಎಂದು ಅಳಿಯನ ಮುಖ ಕಳೆಗುಂದಿತು.

ರೆಸ್ಟೋರೆಂಟ್ ಎಂಬ ಪದ 18ನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಬಳಲಿದವರಿಗೆ ಚೈತನ್ಯ ತುಂಬುವ ಒಂದು ಸಾರಿನ ಹೆಸರಾಗಿತ್ತಂತೆ. ನಾವು ಹೊಕ್ಕ ಜಾಗದಲ್ಲಿ ಚೈತನ್ಯವನ್ನು ಧ್ವನಿವರ್ಧಕಗಳ ಮೂಲಕ ತುಂಬಲಾಗುತ್ತಿತ್ತು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯು 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದೆಂದೂ, ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿಕೆಗೆ ಆ ಅವಧಿ ಅರ್ಧಕ್ಕಿಳಿಯಬೇಕೆಂದೂ ಕಾರ್ಖಾನೆಯ ಕಾರ್ಮಿಕರಿಗಾಗಿ ಹೇಳಿದೆ. ಹಣ ಕೊಟ್ಟು ಬಂದು ಕುಳಿತವರ ಕಿವಿಯ ಬಗ್ಗೆ ಅದು ಚಿಂತಿಸಿದಂತಿಲ್ಲ. ಸದ್ದು ವ್ಯರ್ಥವೂ ಅಲ್ಲ. ಫ್ರಾನ್ಸಿನ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಬಾರಿನ ಸಂಗೀತವನ್ನು 72 ಡೆಸಿಬಲ್‌ನಿಂದ 88ಕ್ಕೆ ಏರಿಸಿದಾಗ ಗಿರಾಕಿಗಳು ಹೆಚ್ಚು ಕುಡಿದರು, ಬೇಗ ಕುಡಿದರು. ಎದುರು ಕುಳಿತವನ ಮಾತು ಕೇಳಿಸದಿದ್ದಾಗ ಮನುಷ್ಯ ಬಾಯಿಗೆ ಬೇರೆ ಕೆಲಸ ಹುಡುಕಿಕೊಳ್ಳುತ್ತಾನೆ, ಅಷ್ಟೇ. ನಾನೂ ಅಳಿಯನೂ ಒಂದೇ ಮೇಜಿನಲ್ಲಿ ಕುಳಿತು ಮೊಬೈಲಿನಲ್ಲಿ ಸಂದೇಶ ಕಳುಹಿಸಿಕೊಂಡು ಸಂಭಾಷಿಸಿದೆವು.

ಬೆಳಕು ಎಷ್ಟು ಕಡಿಮೆ ಇತ್ತೆಂದರೆ ಬಂದದ್ದು ಏನೆಂದು ತಿಳಿಯಲು ಟಾರ್ಚು ಹಾಕಬೇಕಿತ್ತು. ತಟ್ಟೆ ಮೇಜಿನ ಅರ್ಧ ಭಾಗವನ್ನು ಆವರಿಸಿತ್ತು. ಅದರ ಒಂದು ಅಂಚಿನಲ್ಲಿ, ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವಿನಂತೆ, ತಿನಿಸು ಇತ್ತು. ಅದರ ಪಕ್ಕದಲ್ಲಿ ನಿಂತ ವೇಟರ್ ಅದರ ಹುಟ್ಟು, ಬಾಲ್ಯ, ಅದು ಅನುಭವಿಸಿದ ಮಂದ ಉರಿ, ಅದರ ಹಿಂದಿರುವ ಪರಿಕಲ್ಪನೆ ಇವುಗಳನ್ನು ಕುರಿತು ಬಾಯಿ ಆಡಿಸಿದ. ಸಂಗೀತದ ದೆಸೆಯಿಂದ ಆ ಜೀವನಚರಿತ್ರೆ ನಮಗೆ ದಕ್ಕಲಿಲ್ಲ. ನಾನು ಚಮಚ ಎತ್ತಿದ್ದೇ ತಡ, ಅಳಿಯ ನನ್ನ ಕೈ ತಡೆದ. ಮೇಲಿನಿಂದ ಒಂದು, ಪಕ್ಕದಿಂದ ಒಂದು, ಎದುರು ಮೇಜಿನವರ ದೀಪವನ್ನು ಎರವಲು ಪಡೆದು ಇನ್ನೊಂದು ಎಂದು ಚಿತ್ರ ತೆಗೆದು, ಆಮೇಲೆ ಆವಿ ಏಳುತ್ತಿರುವ ವಿಡಿಯೊ ಬೇಕೆಂದು ನೋಡಿದರೆ ಆವಿ ಅಷ್ಟರಲ್ಲಿ ಮುಗಿದುಹೋಗಿತ್ತು. ಮತ್ತೊಮ್ಮೆ ಆವಿ ಬರಿಸಿಕೊಡಲು ಸಾಧ್ಯವೇ ಎಂದು ಅವನು ಕೇಳಿದ್ದನ್ನು, ಮತ್ತು ವೇಟರ್ ಅದಕ್ಕೆ ಕಿಂಚಿತ್ತೂ ಆಶ್ಚರ್ಯಪಡದೆ ತಟ್ಟೆಯನ್ನು ಒಳಗೆ ಕೊಂಡೊಯ್ದದ್ದನ್ನು ನಾನು ಕಣ್ಣಾರೆ ಕಂಡೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯಿದೆ. ಊಟವನ್ನೂ ಮಾತನ್ನೂ ಏಕಕಾಲಕ್ಕೆ ನಿವಾರಿಸಿದ ಆ ಜಾಗದಲ್ಲಿ ರೋಗಕ್ಕಾಗಲಿ ಜಗಳಕ್ಕಾಗಲಿ ಆಸ್ಪದವೇ ಇರಲಿಲ್ಲ.

ನನ್ನ ಸಲಹೆ ಕುಹಕವೆಂದು ಭಾವಿಸುವವರಿಗಾಗಿ ಒಂದು ಪೂರ್ವನಿದರ್ಶನವನ್ನು ಸಲ್ಲಿಸುತ್ತೇನೆ. ಹಿಂದೊಮ್ಮೆ ಹಣ ಪಡೆದು, ತಾನು ಕಾಲಿಡದ ಹೋಟೆಲುಗಳ ಬಗ್ಗೆ ಮೆಚ್ಚುಗೆಯ ವಿಮರ್ಶೆ ಬರೆಯುತ್ತಿದ್ದ ಊಬಾ ಬಟ್ಲರ್ ಎಂಬ ಪತ್ರಕರ್ತ, 2017ರಲ್ಲಿ ಲಂಡನ್ನಿನ ಡಲ್ವಿಚ್ ಬಡಾವಣೆಯಲ್ಲಿ ತಾನು ವಾಸವಿದ್ದ ಹಿತ್ತಲಿನ ಶೆಡ್ಡನ್ನೇ, ಗಿರಾಕಿಗಳ ವಿಮರ್ಶೆಯ ಮೇಲೆ ಹೋಟೆಲುಗಳಿಗೆ ಸ್ಥಾನ ಕೊಡುವ ಟ್ರಿಪ್‌ಅಡ್ವೈಸರ್ ತಾಣದಲ್ಲಿ ಹೋಟೆಲೆಂದು ನೋಂದಾಯಿಸಿದ. ಮೆನುವಿನಲ್ಲಿ ತಿನಿಸುಗಳಿಗೆ ಬದಲು ಮನಃಸ್ಥಿತಿಗಳಿದ್ದವು. ತಿನಿಸುಗಳ ಚಿತ್ರದಲ್ಲಿ ಇದ್ದದ್ದು ಕ್ಷೌರದ ನೊರೆ, ಶೌಚಾಲಯ ಶುಚಿಗೊಳಿಸುವ ಬಿಲ್ಲೆ, ಒಂದು ಚಿತ್ರದಲ್ಲಂತೂ ಅವನದೇ ಹಿಮ್ಮಡಿ. ಗೆಳೆಯರು ಹೊಗಳಿ ಬರೆದರು. ಫೋನು ಮಾಡಿದವರಿಗೆಲ್ಲ ಅವನು ಜಾಗವಿಲ್ಲವೆಂದು ವಿಷಾದ ಸೂಚಿಸುತ್ತಾ ಬಂದ. 18,149ನೆಯ ಸ್ಥಾನದಿಂದ ಹೊರಟ ಆ ಇಲ್ಲದ ಹೋಟೆಲು ಅದೇ ವರ್ಷದ ನವೆಂಬರ್ ಹೊತ್ತಿಗೆ ಲಂಡನ್ನಿನ ಮೊದಲನೆಯ ಸ್ಥಾನಕ್ಕೇರಿತು. ಆಮೇಲೆ ಒಂದು ರಾತ್ರಿ ಅದನ್ನು ನಿಜವಾಗಿಯೂ ತೆರೆದು, ಅಂಗಡಿಯಲ್ಲಿ ಸಿಗುವ ಸಿದ್ಧ ಆಹಾರವನ್ನು ಬಿಸಿ ಮಾಡಿ ಬಡಿಸಿದಾಗ, ಇನ್ನೊಮ್ಮೆ ಬರಬಹುದೇ ಎಂದು ಕೇಳಿದ ಅತಿಥಿಗಳಿದ್ದರು. ಇದನ್ನು ಎಲ್ಲರೂ ವಂಚನೆಯ ಕಥೆಯೆಂದು ಓದಿ ನಕ್ಕರು. ನನಗೆ ಅದು ದಕ್ಷ ಆಡಳಿತದ ಮಾದರಿಯಾಗಿ ಕಾಣುತ್ತದೆ. ಜಾಗವಿಲ್ಲ ಎಂಬ ಒಂದೇ ಪದಾರ್ಥವನ್ನು ಆರು ತಿಂಗಳು ಬಡಿಸಿ ಅವನು ಇಡೀ ನಗರವನ್ನು ಹಸಿದಿರಿಸಿದ.

ಆದ್ದರಿಂದ ಅಡುಗೆಮನೆಗಳನ್ನು ಹಂತಹಂತವಾಗಿ ಮುಚ್ಚಬಹುದು. ಆ ಸ್ಥಳದಲ್ಲಿ ಸಾಲು ನಿಲ್ಲಲು ಅನುಕೂಲವಾಗುವಂತೆ ಸುತ್ತುಬಳಸಿನ ಕಟಕಟೆಗಳನ್ನು ಹಾಕಿಸಬಹುದು. ಬಾಗಿಲಲ್ಲಿ ಹೆಸರು ಬರೆಸಿದವರಿಗೆ ಎರಡು ಗಂಟೆಯ ಬಳಿಕ ತಟ್ಟೆಯ ಚಿತ್ರವನ್ನು, ಆವಿಸಹಿತವಾಗಿ, ನೇರವಾಗಿ ಮೊಬೈಲಿಗೆ ಕಳುಹಿಸಿ ಬಿಲ್ಲು ಕೊಟ್ಟರೆ ಎಲ್ಲರೂ ಸಂತೃಪ್ತರಾಗಿ ಮರಳುತ್ತಾರೆ. ಹಸಿದವರ ಗತಿಯೇನೆಂದು ಕೇಳಬಹುದು. ಹಸಿದವರು ಮನೆಯಲ್ಲಿ ಉಂಡು ಬರತಕ್ಕದ್ದು. ಈ ಹೋಟೆಲುಗಳಿಗೆ ಹೋಗುವ ಅನುಭವಸ್ಥರು ಈಗಲೂ ಹಾಗೆಯೇ ಮಾಡುತ್ತಾರೆ.

ಭಾನುವಾರ ವಿನೋದದ ದಿನ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಣ ಪಾವತಿಸಿ ಒಂದು ಕೋಣೆಯೊಳಗೆ ಬೀಗ ಹಾಕಿಸಿಕೊಂಡು, ಸುಳಿವುಗಳನ್ನು ಬಿಡಿಸಿ, ಒಂದು ಗಂಟೆಯೊಳಗೆ ಹೊರಬರುವ ಎಸ್ಕೇಪ್ ರೂಮ್ ಎಂಬ ಆಟವದು. 2007ರಲ್ಲಿ ಜಪಾನಿನ ಕ್ಯೋಟೊದಲ್ಲಿ ಶುರುವಾಗಿ ಜಗತ್ತನ್ನೆಲ್ಲ ವ್ಯಾಪಿಸಿದೆ. ವಾರವಿಡೀ ಕಿಟಕಿಯಿಲ್ಲದ ಮೀಟಿಂಗ್ ಕೋಣೆಯಲ್ಲಿ ಕುಳಿತು, ಇದು ಯಾವಾಗ ಮುಗಿದೀತು ಎಂದು ಗಡಿಯಾರ ನೋಡುವವನಿಗೆ ಈ ಆಟದಲ್ಲಿ ಹೊಸದೇನಿದೆ ಎಂದು ನನಗೆ ಅರ್ಥವಾಗಲಿಲ್ಲ. ಆ ಕೋಣೆಯೊಳಗೆ ಸೇರಲೂ ಸಾಲು ಇತ್ತು. ನಾವು 52 ನಿಮಿಷಗಳಲ್ಲಿ ಹೊರಬಂದೆವು; ಅಳಿಯ ಹೊರಗಿನ ಫಲಕದ ಮುಂದೆ ನಿಂತು ಚಿತ್ರ ತೆಗೆಸಿಕೊಂಡು, ನಾಳೆ ಬೆಳಿಗ್ಗೆ ಎಂಟಕ್ಕೆ ಕಚೇರಿಯಲ್ಲಿ ಮೀಟಿಂಗಿದೆ ಎಂದ.

ರಾತ್ರಿ ಹತ್ತರ ಹೊತ್ತಿಗೆ ಮನೆ ಸೇರಿದೆವು. ಅಳಿಯನ ಮೊಬೈಲಿಗೆ ಹಿಂದಿನ ದಿನದ ಊಟ ಹೇಗಿತ್ತು, ಎಷ್ಟು ನಕ್ಷತ್ರ ಕೊಡುತ್ತೀರಿ ಎಂಬ ವಿಚಾರಣೆ ಬಂದಿತ್ತು. ನಾವಿಬ್ಬರೂ ಪ್ರಾಮಾಣಿಕವಾಗಿ ನೆನಪಿಸಿಕೊಳ್ಳಲು ಯತ್ನಿಸಿದೆವು. ಉಪ್ಪು ಇತ್ತೇ, ಹುಳಿ ಇತ್ತೇ, ಕೊನೆಗೆ ತಿಂದೆವೇ ಎಂಬುದೇ ಖಚಿತವಾಗಲಿಲ್ಲ. ಅವನು ಚಿತ್ರಗಳನ್ನು ತೆರೆದು ನೋಡಿ, "ಚೆನ್ನಾಗಿತ್ತು ಮಾವ" ಎಂದು ಐದು ನಕ್ಷತ್ರ ಒತ್ತಿದ.

ಆಮೇಲೆ ನಾನು ಪಾತ್ರೆಯಲ್ಲಿ ಉಳಿದಿದ್ದ ಅಡುಗೆಯನ್ನು ಬಿಸಿ ಮಾಡಿ ಎರಡು ತಟ್ಟೆಗಳಿಗೆ ಬಡಿಸಿದೆ. ಇಬ್ಬರೂ ಮಾತಿಲ್ಲದೆ ಉಣ್ಣತೊಡಗಿದೆವು. ನಾಲ್ಕನೆಯ ತುತ್ತಿಗೆ ಅವನ ಮೊಬೈಲು ಮತ್ತೆ ಮಿನುಗಿತು. ಶನಿವಾರ ಸಂಜೆ ನಾವು ಹೆಸರು ಬಿಟ್ಟು ಬಂದಿದ್ದ ಮೊದಲನೆಯ ಹೋಟೆಲಿನ ಸಂದೇಶ ಅದು: ನಿಮ್ಮ ಮೇಜು ಸಿದ್ಧವಾಗಿದೆ, ಹತ್ತು ನಿಮಿಷದೊಳಗೆ ಬಾರದಿದ್ದರೆ ಮುಂದಿನವರಿಗೆ ಕೊಡಲಾಗುವುದು. ಅಳಿಯ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಳಿಸಿ, ಕಾರಿನ ಕೀಲಿ ಎಲ್ಲಿಟ್ಟೆ ಎಂದು ಹುಡುಕತೊಡಗಿದ.