ಹದಿನಾಲ್ಕು ನಿಮಿಷದ ಬೇಸಾಯ

ನಮ್ಮ ಅಪ್ಪಯ್ಯ ಬೆಳಗಿನ ಕಷಾಯ ಕುಡಿದು, ಕವಳ ಹಾಕಿ, ತೋಟಕ್ಕೆ ಇಳಿಯಲೋ ಬೇಡವೋ ಎಂದು ಮೋಡ ನೋಡುವಷ್ಟರಲ್ಲಿ ಸ್ಟಾರ್‌ಡ್ಯೂ ವ್ಯಾಲಿಯಲ್ಲಿ ಒಂದು ದಿನ ಮುಗಿದೇ ಹೋಗಿರುತ್ತದೆ. 2016ರಲ್ಲಿ ಬಂದ ಈ ಬೇಸಾಯದ ಆಟದಲ್ಲಿ ಬೆಳಿಗ್ಗೆ ಆರಕ್ಕೆ ಎದ್ದರೆ ರಾತ್ರಿ ಎರಡರವರೆಗೆ ದುಡಿಯಬಹುದು. ಅಲ್ಲಿನ ಹತ್ತು ನಿಮಿಷಕ್ಕೆ ಇಲ್ಲಿನ ಏಳು ಸೆಕೆಂಡು, ಅಂದರೆ ಇಡೀ ದಿನಕ್ಕೆ 14 ನಿಮಿಷ. ಅಷ್ಟರೊಳಗೆ ಗಿಡಕ್ಕೆ ನೀರು ಹನಿಸಬೇಕು, ಕೋಳಿ ಹಸುಗಳ ಮೈದಡವಬೇಕು, ಗಣಿಗಿಳಿಯಬೇಕು, ಮೀನು ಹಿಡಿಯಬೇಕು. ಬೀಜದಂಗಡಿ ಸಂಜೆ ಐದಕ್ಕೆ ಮುಚ್ಚುತ್ತದೆ, ಬುಧವಾರ ತೆರೆಯುವುದೇ ಇಲ್ಲ. ವಿಶ್ರಾಂತಿಗೆಂದು ಹಚ್ಚಿಕೊಂಡ ಆಟದಲ್ಲಿ ನಾನು ಶಿರಸಿಯ ಕೊನೆಯ ಬಸ್ಸು ಹಿಡಿಯುವವನ ಹಾಗೆ ಓಡುತ್ತಿರುತ್ತೇನೆ. ರಾತ್ರಿ ಎರಡರೊಳಗೆ ಹಾಸಿಗೆ ಸೇರದಿದ್ದರೆ ಇದ್ದಲ್ಲೇ ಕುಸಿದು ಬೀಳುವುದು, ಬೆಳಗಾದರೆ ಕಿಸೆಯಲ್ಲಿ ಹಣ ಕಡಿಮೆಯಾಗಿರುವುದು.

ಅಪ್ಪಯ್ಯ ಒಮ್ಮೆ ಬೆನ್ನ ಹಿಂದೆ ನಿಂತು ಇದನ್ನೆಲ್ಲ ನೋಡಿದರು. ಪಾರ್ಸ್‌ನಿಪ್ ಎಂಬ ಬಿಳಿ ಗಡ್ಡೆ ನಾಲ್ಕು ದಿನಕ್ಕೆ ಕೊಯ್ಲಿಗೆ ಬರುತ್ತದೆ ಎಂದೆ. ಅಡಿಕೆ ಸಸಿ ನೆಟ್ಟು ಐದಾರು ವರ್ಷ ಮರದ ತುದಿ ನೋಡುತ್ತ ಕೂರುವ ಮನುಷ್ಯ ಅದಕ್ಕೆ ಬೆರಗಾಗಲಿಲ್ಲ. “ಬೀಜಕ್ಕೆಷ್ಟು?” ಎಂದರು. 20. “ಮಾರಿದರೆ?” 35. “ದರ ಬೀಳುವುದಿಲ್ಲವೇ?” ಬೀಳುವುದಿಲ್ಲ. “ಕೊಳೆ ರೋಗ?” ಇಲ್ಲ. “ಮಂಗ?” ಅದೂ ಇಲ್ಲ, ಕಾಗೆ ಮಾತ್ರ, ಬೆದರುಬೊಂಬೆ ನಿಲ್ಲಿಸಿದರೆ ಅದೂ ಬರುವುದಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮತ್ತೆ ಯಾಕೆ ಹಾಗೆ ಓಡುತ್ತೀಯೋ?” ಎಂದು ಕೇಳಿ ಒಳಗೆ ಹೋದರು.

ಓಡುವುದೇ ಅದರ ರುಚಿ ಎಂದು ಅವರಿಗೆ ಹೇಗೆ ಹೇಳುವುದು? ದಿನ ಚಿಕ್ಕದಾದ್ದರಿಂದಲೇ ಏನಾದರೂ ಒಂದು ಕೆಲಸ ಉಳಿಯುತ್ತದೆ. ಉಳಿದದ್ದರಿಂದಲೇ “ಇನ್ನೊಂದೇ ದಿನ” ಎನ್ನುತ್ತ ಊಟ ತಣ್ಣಗಾಗುತ್ತದೆ. ಆದರೆ ಈ ಗಣಿತ ಮಲೆನಾಡಿನ ಮಳೆಗಾಲಕ್ಕೆ ಹೊಂದುವುದಿಲ್ಲ. ಕಾರಣ, ಆ ಆಟದಲ್ಲಿ ನಾಯಕ ಮಲಗಿದರೆ ಮಾತ್ರ ಆ ದಿನದ ದುಡಿಮೆ ಉಳಿಯುತ್ತದೆ. ವಸಂತದ 13ನೇ ದಿನ ಅಲ್ಲಿ ಮೊಟ್ಟೆ ಹಬ್ಬ. ಸ್ಟ್ರಾಬೆರಿ ಬೀಜ ಸಿಗುವುದು ಅಂದೇ, ಮತ್ತು ಅಂದೇ ನೆಟ್ಟರೆ 28 ದಿನದ ಋತು ಮುಗಿಯುವುದರೊಳಗೆ ಎರಡು ಕೊಯ್ಲು. ಹಬ್ಬ ಮುಗಿಸಿ ಮನೆಗೆ ಬಂದಾಗ ರಾತ್ರಿ ಹತ್ತು. ಕತ್ತಲಲ್ಲಿ ಗುಂಡಿ ತೋಡಿ, ಬೀಜ ಬಿತ್ತಿ, ಕೊನೆಯ ಸಾಲಿಗೂ ನೀರು ಹಾಕಿ ಹಾಸಿಗೆಯ ಕಡೆ ಹೊರಟಿದ್ದೆ. ಹೊರಗೆ ಎಲ್ಲೋ ಮರ ಮುರಿದ ಸದ್ದು, ಒಳಗೆ ಕರೆಂಟು ಇಲ್ಲ. ಯುಪಿಎಸ್ ಹಿಂದಿನ ವರ್ಷದ ಸಿಡಿಲಿಗೇ ಪ್ರಾಣ ಬಿಟ್ಟಿತ್ತು. ಆಯಿ ಚಿಮಣಿ ದೀಪ ಹಿಡಿದು ಬಂದು, “ಒಳ್ಳೆಯದಾಯಿತು ಅಪ್ಪಿ, ಇನ್ನಾದರೂ ಮಲಗು” ಎಂದಳು. ಕರೆಂಟು ಬಂದ ಮೇಲೆ ಅದೇ ಹಬ್ಬ, ಅದೇ ಬೀಜ, ಅದೇ ಮಾತು. ಮೊದಲ ಸಲ ಸಾಲದೇ ಹೋಗಿದ್ದ ದಿನ ಎರಡನೇ ಸಲ ಎಷ್ಟು ತಳ್ಳಿದರೂ ಮುಂದೆ ಸರಿಯಲಿಲ್ಲ.

ಹಾಗೆಂದು ನಿಜವಾದ ಗಡಿಯಾರಕ್ಕೆ ಕಟ್ಟಿದ ಬೇಸಾಯ ಇನ್ನೂ ಕಷ್ಟ. 2009ರಲ್ಲಿ ಫೇಸ್‌ಬುಕ್ಕಿಗೆ ಬಂದ ಫಾರ್ಮ್‌ವಿಲ್‌ನಲ್ಲಿ ಸ್ಟ್ರಾಬೆರಿ ನಾಲ್ಕು ಗಂಟೆಗೆ ಹಣ್ಣಾಗುತ್ತಿತ್ತು, ಹೊತ್ತಿಗೆ ಕೊಯ್ಯದಿದ್ದರೆ ಬಾಡುತ್ತಿತ್ತು. ಆ ಕಾಲದಲ್ಲಿ ಬೆಂಗಳೂರಿನಿಂದ ಮದುವೆಗೆ ಬಂದ ನನ್ನ ದೊಡ್ಡಪ್ಪನ ಮಗ, ಇನ್ನೇನು ಪಂಕ್ತಿಗೆ ಎಲೆ ಹಾಕುವ ಹೊತ್ತಿಗೆ ಬೈಕು ಹತ್ತಿ ಶಿರಸಿಯ ಸೈಬರ್ ಕೆಫೆಗೆ ಹೋದ. ವರನ ಕಡೆಯವರು ಯಾರಿಗೋ ಹುಷಾರಿಲ್ಲವೆಂದು ತಿಳಿದು ವಿಚಾರಿಸಲು ಶುರುಮಾಡಿದರು. ಅವನು ಮರಳುವಾಗ ಹೋಳಿಗೆ ಖಾಲಿ, ಅಲ್ಲಿ ಸ್ಟ್ರಾಬೆರಿಯೂ ಬಾಡಿತ್ತಂತೆ. 1996ರ ಮೊದಲ ಹಾರ್ವೆಸ್ಟ್ ಮೂನ್ ಎಂಬ ಬೇಸಾಯದ ಆಟ ಇದಕ್ಕೆ ತದ್ವಿರುದ್ಧ: ಸಂಜೆ ಆರಾದ ಮೇಲೆ ಗಡಿಯಾರ ನಿಂತೇಬಿಡುತ್ತದೆ, ನೀವು ಮಲಗುವವರೆಗೆ ರಾತ್ರಿ ಕಾಯುತ್ತಿರುತ್ತದೆ. ಅಂಥ ಔದಾರ್ಯ ನನ್ನಂಥವನಿಗೆ ಆಗಿಬರುವುದಿಲ್ಲ.

ರಜೆಗೆ ಬಂದ ತಂಗಿಯ ಮಗಳ ಜೊತೆ ಒಂದೇ ಹೊಲದಲ್ಲಿ ಸ್ಟಾರ್‌ಡ್ಯೂ ಆಡಿದಾಗ ಮಾತ್ರ ಗಡಿಯಾರದ ನಿಜ ಸ್ವಭಾವ ಗೊತ್ತಾಯಿತು. ಒಬ್ಬರೇ ಆಡುವಾಗ ಚೀಲ ತೆರೆದರೆ ಹೊತ್ತು ನಿಲ್ಲುತ್ತದೆ, ಇಬ್ಬರಿದ್ದರೆ ನಿಲ್ಲುವುದಿಲ್ಲ. ಆಯಿ ಒಲೆಯ ಮೇಲಿನ ಹಾಲು ನೋಡು ಎಂದಳು; ನಾನು ಅಭ್ಯಾಸಬಲದಿಂದ ಚೀಲ ತೆರೆದಿಟ್ಟು ಎದ್ದೆ. ಹಾಲೂ ಉಕ್ಕಿತು, ದಿನವೂ ಮುಗಿಯಿತು. “ಮಾವಾ, ನಿನ್ನನ್ನು ಯಾರೋ ಎತ್ತಿಕೊಂಡು ಹೋದರು” ಎಂದು ಅವಳು ಸಂಭ್ರಮದಿಂದ ವರದಿ ಕೊಟ್ಟಳು. ಅವಳಿಗೆ ಮಾತ್ರ ಅವಸರವೇ ಇಲ್ಲ. ಬೆಳಗಿನಿಂದ ಹೊಳೆದಂಡೆಯಲ್ಲಿ ನಿಂತು ಒಂದು ಮೀನು ಹಿಡಿದರೆ ಅವಳ ದಿನ ಸಾರ್ಥಕ.

ಕೊನೆಗೆ ದಿನವನ್ನು ಹಿಗ್ಗಿಸುವ ಒಂದು ಮಾಡ್, ಅಂದರೆ ಆಟದ ನಿಯಮ ಬದಲಿಸುವ ಪುಟ್ಟ ತಂತ್ರಾಂಶ, ಹಾಕಿ ಹೊತ್ತನ್ನು ಇಮ್ಮಡಿ ಮಾಡಿದೆವು. ಮಧ್ಯಾಹ್ನಕ್ಕೇ ಕೆಲಸವೆಲ್ಲ ಮುಗಿದು, ಅಂಗಡಿಯ ಮುಂದೆ ಸುಮ್ಮನೆ ನಿಂತು, ಸಂಜೆ ಏಳಕ್ಕೆ ಮಲಗುವ ಸ್ಥಿತಿ ಬಂತು. ಬೇಜಾರಾಗಿ ತೆಗೆಯಲು ಹೊರಟಾಗ ಅಪ್ಪಯ್ಯ ಜಗಲಿಯಿಂದಲೇ ತಡೆದರು. ನಾಡಿದ್ದು ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಬರುವವನಿದ್ದ. ಬಂದರೂ ಅರ್ಧ ತೋಟ ಮುಗಿಸಿ ಮಧ್ಯಾಹ್ನಕ್ಕೇ ಪಕ್ಕದ ಮನೆಯವರ ಕೊಯ್ಲಿಗೆ ಹೊರಡುವ ಆಸಾಮಿ.

“ಅದನ್ನು ನಾಡಿದ್ದು ಒಂದು ದಿನಕ್ಕೆ ಇಲ್ಲಿ ಹಾಕಲು ಬರುತ್ತದೆಯೋ ನೋಡು” ಎಂದರು.