ಶ್ಮೈಸರ್ ಮಾಡಿದ್ದು ಅದಲ್ಲ

ನಿನ್ನೆ ಅಕ್ಕನ ಮಗನನ್ನು ಒಂದು ಕ್ವಿಜ್‌ಗೆ ಕರೆದುಕೊಂಡು ಹೋಗಿದ್ದೆ. ಪರದೆ ಮೇಲೆ ಎರಡನೇ ಮಹಾಯುದ್ಧದ ಜರ್ಮನ್ ಎಂಪಿ 40 ಬಂದೂಕು. ವಿನ್ಯಾಸ ಯಾರದು ಅಂತ ಪ್ರಶ್ನೆ. ಹುಡುಗ 'ಎರ್ಮಾ ಕಾರ್ಖಾನೆ, ಫೋಲ್ಮರ್' ಅಂತ ಬರೆದ. ಸೊನ್ನೆ! ಸರಿ ಉತ್ತರ 'ಹ್ಯೂಗೊ ಶ್ಮೈಸರ್' ಅಂತೆ. ರಾತ್ರಿ ನನಗೆ ಊಟ ಸೇರಲಿಲ್ಲ.

ಟೂಲ್ ರೂಮಿನಲ್ಲಿ ಲೇತ್ ಮುಂದೆ ಇಪ್ಪತ್ತು ವರ್ಷ ನಿಂತವನು ನಾನು, ನಿಮಗೆ ಗೊತ್ತಲ್ಲ. ಏನೇ ಯಂತ್ರ ಕಂಡರೂ ಇದು ಯಾರ ಕೈಕೆಲಸ ಅಂತ ಹುಡುಕುತ್ತೇನೆ. ಶ್ಮೈಸರ್ ಕೈಕೆಲಸ ನೋಡಬೇಕಾ? 1918ರ ಎಂಪಿ 18 ನೋಡಿ. ಜರ್ಮನಿಯ ಝೂಲ್ ಊರಿನಲ್ಲಿ ಬರ್ಗ್‌ಮನ್ ಕಂಪನಿಗಾಗಿ ಮಾಡಿದ್ದು. ಮೊದಲ ಮಹಾಯುದ್ಧದ ಕಂದಕದಲ್ಲಿ ಉದ್ದನೆ ರೈಫಲ್ ತಿರುಗಿಸೋಕೆ ಜಾಗ ಇರುತ್ತಿರಲಿಲ್ಲ. ಅಲ್ಲಿಗೆ ಬೇಕಾದ ಗಿಡ್ಡ ಬಂದೂಕು ಇದು, ಹಾಕೋದು ಪಿಸ್ತೂಲಿನ 9 ಮಿಲಿಮೀಟರ್ ಗುಂಡು. ಒಳಗೆ ಏನಿದೆ? ಒಂದು ಕೊಳವೆ, ಅದರಲ್ಲಿ ಜಾರುವ ಬೋಲ್ಟ್ ಅನ್ನೋ ಭಾರದ ಉಕ್ಕಿನ ತುಂಡು, ಹಿಂದೆ ಸ್ಪ್ರಿಂಗ್. ಟ್ರಿಗರ್ ಒತ್ತಿದರೆ ಬೋಲ್ಟ್ ಮುಂದೆ ನುಗ್ಗಿ ಒಂದು ಗುಂಡನ್ನು ಬ್ಯಾರಲ್‌ಗೆ ತುರುಕಿ ಹೊಡೆಯುತ್ತೆ. ಸಿಡಿದ ತೋಟಾ ಅದೇ ಬೋಲ್ಟನ್ನು ಹಿಂದಕ್ಕೆ ಒದೆಯುತ್ತೆ. ಬೀಗ ಅಂತ ಇಲ್ಲವೇ ಇಲ್ಲ. ಬೋಲ್ಟಿನ ತೂಕವೇ ಬೀಗ. ಇಷ್ಟು ಸರಳ ಮಾಡೋದು ಎಷ್ಟು ಕಷ್ಟ ಅಂತ ಕೈ ಮಸಿ ಮಾಡಿಕೊಂಡವರಿಗೆ ಗೊತ್ತು.

ಶ್ಮೈಸರ್ ಇದಕ್ಕೆ 20 ಗುಂಡಿನ ನೇರವಾದ ಮ್ಯಾಗಜಿನ್, ಅಂದರೆ ಗುಂಡು ತುಂಬುವ ಡಬ್ಬಿ, ಯೋಚಿಸಿದ್ದರು. ಸೈನ್ಯ ಒಪ್ಪಲಿಲ್ಲ. ಲೂಗರ್ ಪಿಸ್ತೂಲಿಗೆ ಮಾಡಿದ್ದ 32 ಗುಂಡಿನ ಡ್ರಮ್ ಇದೆಯಲ್ಲ, ಅದನ್ನೇ ಹಾಕಿ ಅಂದರು. ನೋಡೋಕೆ ಬಸವನಹುಳು ಥರ ಇರುತ್ತೆ. ಎಡಗಡೆ ಜೋತು ಬಿದ್ದು ತೂಕ ಒಂದು ಕಡೆಗೆ ವಾಲುತ್ತೆ. ತುಂಬೋಕೆ ಬೇರೆ ಸಲಕರಣೆ ಬೇಕು. ಜಾಸ್ತಿ ಒಳಗೆ ಹೋಗಿ ಬೋಲ್ಟಿಗೆ ತಾಗದ ಹಾಗೆ ಅದರ ಕುತ್ತಿಗೆಗೆ ಒಂದು ಕಾಲರ್ ಬೇರೆ ತೊಡಿಸಬೇಕು. ಆ ಕಾಲರಿನ ಚಿತ್ರ ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತೆ. ಯುದ್ಧ ಮುಗಿದ ಮೇಲೆ ನೇರ ಮ್ಯಾಗಜಿನ್ನೇ ಬಂತು. ಮುಂದಿನ ಎಂಪಿ 28ರಲ್ಲೂ ಅದೇ. ಬ್ರಿಟಿಷರು ಆ ಎಂಪಿ 28 ನಕಲು ಮಾಡಿ ಲ್ಯಾಂಚೆಸ್ಟರ್ ಅಂತ ಹೆಸರಿಟ್ಟರು.

ಶ್ಮೈಸರ್ ಇಷ್ಟೆಲ್ಲ ಮಾಡಿದ ಎಂಪಿ 18ಕ್ಕೆ ಜನ ಕರೆದಿದ್ದು ಬರ್ಗ್‌ಮನ್ ಅಂತ. ಅವರು ಮಾಡದ ಎಂಪಿ 40ಕ್ಕೆ ಶ್ಮೈಸರ್ ಅಂತ! ಎಂಪಿ 40 ಬಂದಿದ್ದು ಎರ್ಮಾದಿಂದ. ಅದರ ಒಂದರೊಳಗೊಂದು ಕೂರುವ ಕೊಳವೆಗಳೊಳಗಿನ ಸ್ಪ್ರಿಂಗ್ ಹೈನ್ರಿಖ್ ಫೋಲ್ಮರ್ ಅವರ ಹಳೆ ಬಂದೂಕುಗಳಿಂದ ಬಂದದ್ದು. ಶ್ಮೈಸರ್ ಹೆಸರು ಇರೋದು ಮ್ಯಾಗಜಿನ್ ಮೇಲೆ. ತಗಡಿನ ಮೇಲೆ 'ಪೇಟೆಂಟ್ ಶ್ಮೈಸರ್' ಅಂತ ಒಂದು ಪುಟ್ಟ ಅಚ್ಚು, ಅಷ್ಟೇ.

'ಕೊಲ್ಲುವ ಸಾಮಾನು, ಯಾರದಾದರೇನು ಮಾಮ' ಅಂದ ಪಕ್ಕದಲ್ಲಿದ್ದ ಒಬ್ಬ ಹುಡುಗ. ಅದಕ್ಕೇ ಅಲ್ವಾ ಸರಿಯಾಗಿ ಹೇಳಬೇಕಾದ್ದು? ಮೆಚ್ಚಿಕೊಳ್ಳಲಿ, ಬೈಯಲಿ, ಮಾಡಿದವನ ಹೆಸರು ಹಿಡಿದೇ ಆಗಬೇಕು.

ಇನ್ನೊಂದು ಹೇಳಿಬಿಡ್ತೀನಿ, ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಹಿಂದೆ ಕೆಲಸಕ್ಕಿದ್ದ ಕಡೆ ನಾನೊಂದು ಡ್ರಿಲ್ ಜಿಗ್ ಮಾಡಿದ್ದೆ, ಸರಿಯಾದ ಜಾಗದಲ್ಲೇ ತೂತು ಬೀಳೋ ಹಾಗೆ ಡ್ರಿಲ್ಲಿಗೆ ದಾರಿ ತೋರಿಸುವ ಸಲಕರಣೆ. ಮೂರು ತಿಂಗಳು ಅದರ ಮೇಲೇ ಇದ್ದೆ. ಅದು ಇವತ್ತಿಗೂ ಓಡ್ತಿದೆ, ಆದರೆ ಡ್ರಾಯಿಂಗ್ ಮೂಲೆಯಲ್ಲಿ ಬೇರೆಯವರ ಹೆಸರಿದೆ. ಆವತ್ತು ಸುಮ್ನೆ ಇದ್ದುಬಿಟ್ಟೆ. ಯಾಕೆ ಸುಮ್ನಿದ್ದೆ ಅಂತ ಈಗಲೂ ನಿದ್ದೆ ಬರದ ರಾತ್ರಿ ಯೋಚಿಸ್ತೀನಿ.

ಹುಡುಗನ ಉತ್ತರದ ಹಾಳೆ ನನ್ನ ಹತ್ರನೇ ಇದೆ. 'ಫೋಲ್ಮರ್' ಮೇಲೆ ಕೆಂಪು ಗೆರೆ ಎಳೆದಿದ್ದಾರೆ. ಮ್ಯಾಗಜಿನ್ ಅಚ್ಚಿನ ಫೋಟೋ ದೊಡ್ಡದಾಗಿ ಪ್ರಿಂಟ್ ತೆಗೆಸಿದ್ದೇನೆ. ನಾಳೆ ಎರಡನ್ನೂ ಹಿಡಿದುಕೊಂಡು ಕ್ವಿಜ್ ನಡೆಸಿದವರ ಹತ್ರ ಹೋಗ್ತೀವಿ, ಅವನೂ ಬರ್ತಾನೆ.